ಪ್ರೀಕ್ವೆಲ್ ಕಾದಂಬರಿ ಮೂಲಕ್ಕೆ ಸಾಟಿ ಆಗೋದು ಯಾವಾಗ? ದುರ್ಗದ ಓದುಗನೊಬ್ಬನ ಲೆಕ್ಕಾಚಾರ

ನಾವು ಮನಸಾರೆ ಮೆಚ್ಚಿದ ಒಂದು ಕಾದಂಬರಿ ಇರುತ್ತೆ. ಅದು ಬಂದು ಎಷ್ಟೋ ವರ್ಷ ಆದ್ಮೇಲೆ "ಆ ಕಥೆಗಿಂತ ಮುಂಚೆ ಏನೇನಾಗಿತ್ತು ಹೇಳ್ತೀನಿ" ಅಂತ ಇನ್ನೊಂದು ಪುಸ್ತಕ ಬರುತ್ತೆ, ಅದೇ ಪ್ರೀಕ್ವೆಲ್. ಬರೆದಿದ್ದು ಆಮೇಲೆ, ಕಥೆ ನಡೆಯೋದು ಮುಂಚೆ. ನಮ್ಮ ಕಡೆ ಈ ಪದ ಎಲ್ಲರ ಬಾಯಿಗೆ ಬಂದಿದ್ದು 'ಕಾಂತಾರ'ದಿಂದ ಅನ್ಬಹುದು, 2022ರಲ್ಲಿ ಮೊದಲ ಸಿನಿಮಾ ಬಂತು, 2025ರ ಅಕ್ಟೋಬರ್‌ನಲ್ಲಿ ಬಂದ 'ಚಾಪ್ಟರ್ 1' ಅದಕ್ಕಿಂತ ನೂರಾರು ವರ್ಷ ಹಿಂದಕ್ಕೆ, ಕದಂಬರ ಕಾಲಕ್ಕೆ ಹೋಯ್ತು. ಆಗ ದಾವಣಗೆರೆ, ನಮ್ಮ ದುರ್ಗ (ಚಿತ್ರದುರ್ಗ) ಎಲ್ಲಾ ಕಡೆ ಕೇಳಿಬಂದ ಪ್ರಶ್ನೆ ಒಂದೇ, "ಮೊದಲಿನದ್ದಕ್ಕೆ ಸಮ ಇದೆಯೇನ್ರಿ?"

ಕಾದಂಬರಿ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ತೊಡಕಿನದ್ದು. ಓದೋ ಗೆಳೆಯರ ಜೊತೆ ಕೂತಾಗಲೆಲ್ಲ ಇದು ಬರುತ್ತೆ, ಒಬ್ಬರು "ದುಡ್ಡಿಗೆ ಬರೆದಿದ್ದು ಬಿಡಿ" ಅಂತಾರೆ, ಇನ್ನೊಬ್ಬರು "ಇಲ್ಲ ಇದೇ ಜಾಸ್ತಿ ಚೆನ್ನಾಗಿದೆ" ಅಂತಾರೆ, ಆದರೆ ಯಾವ ಅಳತೆಗೋಲಲ್ಲಿ ಅಳೀತಿದ್ದೀವಿ ಅಂತ ಯಾರೂ ಹೇಳಲ್ಲ. ನನಗೆ ತುಂಬ ದಿನದಿಂದ ತಲೇಲಿ ಇರೋ ಮಾತಿದು, ಅದಕ್ಕೇ ಒಂದ್ಸಲ ಬಿಡಿಸಿ ಬರೆಯೋಣ ಅಂತ ಕೂತಿದ್ದೀನಿ.

ಶುರುವಲ್ಲೇ ಒಂದು ವ್ಯತ್ಯಾಸ ಹೇಳಿಬಿಡ್ತೀನಿ, ಯಾಕಂದ್ರೆ ನಮ್ಮೂರಲ್ಲೇ ಇದಕ್ಕೆ ಒಳ್ಳೆ ಉದಾಹರಣೆ ಇದೆ. ತ.ರಾ.ಸು. ಅವರ 'ದುರ್ಗಾಸ್ತಮಾನ' ಬಂದಿದ್ದು 1982ರಲ್ಲಿ, ಕೊನೆಯ ಮದಕರಿ ನಾಯಕನ ಕಥೆ, 1984ರಲ್ಲಿ ಅವರು ತೀರಿಕೊಂಡ್ರು, 1985ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಈಗಿನ ಹುಡುಗರು ಬಹಳಷ್ಟು ಜನ ಅದನ್ನೇ ಮೊದಲು ಓದಿ ಆಮೇಲೆ ಹಿಂದಕ್ಕೆ ಹೋಗ್ತಾರೆ, 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಈ ಮೂರಕ್ಕೆ. ಅವು ದುರ್ಗ ಬೀಳೋದಕ್ಕೆ ಸುಮಾರು ನೂರು ವರ್ಷ ಹಿಂದಿನ, ದಳವಾಯಿ ಮುದ್ದಣ್ಣನ ಕಾಲದ ಕಥೆಗಳು. ಅವನ್ನ ಹಿಂಗೆ ಹಿಂದುಮುಂದಾಗಿ ಓದಿದವರು "ಇದು ದುರ್ಗಾಸ್ತಮಾನದ ಪ್ರೀಕ್ವೆಲ್" ಅಂತಾರೆ, ಆದರೆ ಅವು ಪ್ರೀಕ್ವೆಲ್ ಅಲ್ಲ, ಬರೆದಿದ್ದೇ ಮೊದಲು. ಅವನ್ನ ಬರೆಯೋವಾಗ ತ.ರಾ.ಸು. ಅವರ ಕೈ ಕಟ್ಟಿಹಾಕೋಕೆ ದುರ್ಗಾಸ್ತಮಾನ ಅನ್ನೋ ಪುಸ್ತಕ ಇನ್ನೂ ಇರಲಿಲ್ಲ. ನಿಜವಾದ ಪ್ರೀಕ್ವೆಲ್ ಬರೆಯೋರ ಪಾಡು ಬೇರೆ: ಮುಂದೆ ಆಗೋದೆಲ್ಲ ಆಗಲೇ ಅಚ್ಚಾಗಿದೆ, ಲಕ್ಷಾಂತರ ಜನ ಓದಿದ್ದಾರೆ, ಯಾರು ಸಾಯಬೇಕು ಯಾರು ಬದುಕಬೇಕು ಅಂತ ತೀರ್ಮಾನ ಆಗಿಹೋಗಿದೆ. ಆ ಕಟ್ಟಿನೊಳಗೇ ಆಡಬೇಕು.

ಹಂಗಾದ್ರೆ ಕೊನೆ ಗೊತ್ತಿದ್ಮೇಲೆ ಓದೋಕೆ ಏನು ಉಳೀತು ಅಂತ ಕೇಳೋರು ಇದ್ದಾರೆ. ಈ ಮಾತು ನಮ್ಮ ದುರ್ಗದವರು ಕೇಳಲೇಬಾರದು. 1779ರಲ್ಲಿ ಹೈದರಾಲಿ ಕೋಟೆ ಹಿಡಿದ, ಮದಕರಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ, ಇದು ಇಲ್ಲಿ ಸ್ಕೂಲ್ ಮಕ್ಕಳಿಗೂ ಗೊತ್ತು. ದುರ್ಗಾಸ್ತಮಾನ ಅಂತ ಹೆಸರಲ್ಲೇ ಕೊನೆ ಹೇಳಿಬಿಟ್ಟಿದ್ದಾರೆ. ಆದ್ರೂ ಕೊನೆಕೊನೆಗೆ ಪುಟ ತಿರುಗಿಸೋಕೆ ಕೈ ಬರಲ್ಲ, ಇನ್ನೂ ಸ್ವಲ್ಪ ಹೊತ್ತು ಕೋಟೆ ನಿಲ್ಲಲಿ ಅನ್ಸುತ್ತೆ. ಮುಂದೇನು ಅನ್ನೋ ಕುತೂಹಲದ ಜಾಗಕ್ಕೆ "ಇದನ್ನ ತಪ್ಪಿಸೋಕೆ ಆಗ್ತಿತ್ತಾ, ಯಾವ ದಿನ ಯಾವ ತಿರುವಲ್ಲಿ ಕೈಮೀರಿತು" ಅನ್ನೋ ಸಂಕಟ ಬರುತ್ತೆ, ಆ ಸಂಕಟ ಕುತೂಹಲಕ್ಕಿಂತ ಗಟ್ಟಿ. ಹರಿಕಥೆ ಕೇಳೋಕೆ ಹೋಗೋ ನಮ್ಮ ಅಜ್ಜಿಯರಿಗೆ ಅಭಿಮನ್ಯು ಸಾಯ್ತಾನೆ ಅಂತ ಗೊತ್ತಿರಲಿಲ್ವಾ, ಗೊತ್ತಿದ್ದೇ ಅತ್ತಿದ್ದು. ಆದ್ದರಿಂದ ಪ್ರೀಕ್ವೆಲ್ ಸೋತರೆ ಕೊನೆ ಗೊತ್ತಿತ್ತು ಅನ್ನೋ ಕಾರಣಕ್ಕೆ ಸೋಲಲ್ಲ.

ಸೋಲೋದು ಎಲ್ಲಿ ಅಂತ ತೋರಿಸೋಕೆ ಒಂದು ಕಲ್ಪನೆ ಮಾಡೋಣ. ಯಾರೋ ಒಬ್ಬರು ಒನಕೆ ಓಬವ್ವನ ಪ್ರೀಕ್ವೆಲ್ ಬರೀತಾರೆ ಅಂತ ಇಟ್ಕೊಳ್ಳಿ. ಮೂಲ ಕಥೆ ನಮಗೆಲ್ಲ ಬಾಯಿಪಾಠ: ಕಾವಲುಗಾರ ಕಹಳೆ ಮುದ್ದ ಹನುಮ ಊಟಕ್ಕೆ ಮನೆಗೆ ಬಂದಿದ್ದಾನೆ, ಓಬವ್ವ ನೀರು ತರೋಕೆ ಹೋಗಿದ್ದಾಳೆ, ಬಂಡೆ ಮಧ್ಯದ ಕಿಂಡೀಲಿ ಹೈದರನ ಸಿಪಾಯಿಗಳು ನುಸುಳೋದು ಕಾಣುತ್ತೆ, ಗಂಡನ ಊಟ ಎಬ್ಬಿಸೋದು ಬೇಡ ಅಂತ ಅವಳು ಮನೇಲಿದ್ದ ಒನಕೆ ತಗೊಂಡು ಬಂದು ಕಿಂಡಿ ಪಕ್ಕ ನಿಂತು ಒಬ್ಬೊಬ್ಬನ ತಲೆಗೇ ಹೊಡೀತಾಳೆ. ಈಗಲೂ ಕೋಟೆಗೆ ಹೋದ್ರೆ ಆ ಕಿಂಡಿ ನೋಡ್ಬಹುದು, ಒಬ್ಬ ಮನುಷ್ಯ ಮೈ ಕುಗ್ಗಿಸ್ಕೊಂಡು ಬಂದ್ರೆ ಮಾತ್ರ ಆಗೋ ಜಾಗ, ಬರೋನು ಮೊದಲು ತಲೆಯನ್ನೇ ಹೊರಗೆ ಹಾಕ್ಬೇಕು. ಅಲ್ಲಿ ನಿಂತು ನೋಡಿದ್ರೆ ಆ ಒನಕೆ ಯಾಕೆ ಸಾಕಾಯ್ತು ಅನ್ನೋದು ಯಾರೂ ಹೇಳದೆ ತಿಳಿಯುತ್ತೆ.

ಈಗ ಕೆಟ್ಟ ಪ್ರೀಕ್ವೆಲ್ ಏನ್ ಮಾಡುತ್ತೆ ಅಂದ್ರೆ, ಓಬವ್ವ ಹತ್ತು ವರ್ಷದವಳಿದ್ದಾಗಲೇ ಅವಳ ಕೈಗೆ ಒನಕೆ ಕೊಡುತ್ತೆ. ಹೊಲಕ್ಕೆ ನುಗ್ಗಿದ ಹಂದಿನೋ ಮನೆಗೆ ನುಗ್ಗಿದ ಕಳ್ಳನ್ನೋ ಅದರಲ್ಲಿ ಹೊಡೀತಾಳೆ, ಯಾರೋ ಸಾಧು ಬಂದು "ಈ ಒನಕೆ ಒಂದು ದಿನ ದುರ್ಗ ಕಾಯುತ್ತೆ" ಅಂತ ಭವಿಷ್ಯ ನುಡೀತಾನೆ, ಗುಟ್ಟಾಗಿ ಯಾರೋ ಒಬ್ಬ ಗರಡಿಯಾಳು ಅವಳಿಗೆ ವರಸೆ ಕಲಿಸ್ತಾನೆ, ಆ ಕಿಂಡಿ ಹತ್ರಾನೇ ಚಿಕ್ಕಂದಿನಲ್ಲಿ ಆಡಿರ್ತಾಳೆ. ಓದೋವಾಗ ಮೈ ಜುಮ್ಮೆನ್ನಬಹುದು. ಆದರೆ ಪುಸ್ತಕ ಮುಚ್ಚಿದ್ಮೇಲೆ ಮೂಲ ಕಥೆ ಚಿಕ್ಕದಾಗಿರುತ್ತೆ. ಯಾಕಂದ್ರೆ ಮೂಲದ ಶಕ್ತಿ ಇರೋದೇ ಅವಳು ಯಾವ ತಯಾರಿನೂ ಇಲ್ಲದ ಒಬ್ಬ ಗೃಹಿಣಿ ಅನ್ನೋದರಲ್ಲಿ, ಭತ್ತ ಕುಟ್ಟೋ ಒನಕೆ ಆ ಕ್ಷಣಕ್ಕೆ ಕೈಗೆ ಸಿಕ್ಕಿದ್ದು ಅನ್ನೋದರಲ್ಲಿ. ಅವತ್ತು ಅವಳು ಸುಮ್ಮನೆ ಕೂಗ್ಬಹುದಿತ್ತು, ಓಡಿಹೋಗ್ಬಹುದಿತ್ತು, ಗಂಡನ್ನ ಎಬ್ಬಿಸ್ಬಹುದಿತ್ತು. ಅದೆಲ್ಲ ಬಿಟ್ಟು ಅವಳೇ ನಿಂತಳು. ಆಕಸ್ಮಿಕವನ್ನ ಹಣೆಬರಹ ಮಾಡಿದ ತಕ್ಷಣ ಆ ಆಯ್ಕೆ ಸತ್ತುಹೋಗುತ್ತೆ, ಹುಟ್ಟಿದಾಗಿನಿಂದ ವೀರಮಹಿಳೆ ಆಗೋಕೇ ಬಂದೋಳು ಒಂದು ದಿನ ವೀರಮಹಿಳೆ ಆದಳು, ಅದರಲ್ಲಿ ದೊಡ್ಡದೇನು ಬಂತು.

ಪ್ರೀಕ್ವೆಲ್‌ಗಳು ಅತಿ ಹೆಚ್ಚು ಸಲ ಎಡವೋ ಜಾಗ ಇದೇ ಅಂತ ನನಗೆ ಖಾತ್ರಿ. ಮೂಲದಲ್ಲಿ ಸುಮ್ಮನೆ ಇದ್ದ ಒಂದೊಂದು ವಸ್ತುವಿಗೂ, ಒಂದೊಂದು ಅಡ್ಡಹೆಸರಿಗೂ, ಮುಖದ ಮೇಲಿನ ಗಾಯದ ಕಲೆಗೂ ಒಂದೊಂದು ಹುಟ್ಟಿನ ಕಥೆ ಕೊಡ್ತಾ ಹೋಗೋದು. ಜೀವನದಲ್ಲಿ ಹಂಗೆ ಇರಲ್ಲ, ನಮ್ಮ ಮನೆಯ ಅರ್ಧ ಸಾಮಾನು ಎಲ್ಲಿಂದ ಬಂತು ಅಂತ ನಮಗೇ ನೆನಪಿರಲ್ಲ.

ಒಳ್ಳೆ ಪ್ರೀಕ್ವೆಲ್ ಆದ್ರೆ ಅದೇ ಓಬವ್ವನ ವಿಷಯದಲ್ಲಿ ಬೇರೆ ದಾರಿ ಹಿಡಿಯುತ್ತೆ. ಕಾವಲುಗಾರನ ಹೆಂಡತಿಗೆ ಬುರುಜಿನ ಮೇಲಿನ ಬದುಕು ಹೆಂಗಿತ್ತು, ಮುತ್ತಿಗೆ ತಿಂಗಳುಗಟ್ಟಲೆ ನಡೆಯೋವಾಗ ಒಳಗಿನ ಜನ ಕಾಳುಕಡಿ ಹೆಂಗೆ ಉಳಿಸ್ಕೊಂಡ್ರು, ಗಂಡನ ಊಟದ ಹೊತ್ತಿನಲ್ಲಿ ಕಾವಲು ಯಾಕೆ ಖಾಲಿ ಇರ್ತಿತ್ತು, ಆ ಖಾಲಿ ಹೊತ್ತು ಶತ್ರುವಿಗೆ ಹೆಂಗೆ ಗೊತ್ತಾಯ್ತು. ಇದರಲ್ಲಿ ಒನಕೆ ಬಂದ್ರೂ ಭತ್ತ ಕುಟ್ಟೋಕೆ ಮಾತ್ರ ಬರುತ್ತೆ, ಓದುಗನಿಗೆ ಮಾತ್ರ ಎದೆ ಧಸಕ್ ಅನ್ನುತ್ತೆ. ಅವಳಿಗೆ ಏನೂ ಗೊತ್ತಿಲ್ಲ. ನಮಗೆ ಎಲ್ಲಾ ಗೊತ್ತು. ಈ ಅಂತರದಲ್ಲೇ ಪ್ರೀಕ್ವೆಲ್‌ನ ನಿಜವಾದ ಬಂಡವಾಳ ಇರೋದು.

ಅಂದಹಾಗೆ ಪೂರ್ವಕಥೆ ಅನ್ನೋದು ನಮಗೆ ಹೊರಗಿನಿಂದ ಬಂದಿದ್ದೇನಲ್ಲ. 941ರಲ್ಲಿ ಪಂಪ ಬರೆದ 'ಆದಿಪುರಾಣ'ದಲ್ಲಿ ಭವಾವಳಿ ಅಂತ ಬರುತ್ತೆ, ಆದಿನಾಥ ತೀರ್ಥಂಕರ ಆಗೋದಕ್ಕೆ ಮುಂಚಿನ ಜನ್ಮಗಳ ಕಥೆ. ಕಾವ್ಯದ ಗುರಿ ಇರೋದು ಆದಿನಾಥನ ಮೇಲೆ, ಆದರೆ ಓದಿದವರ ಮನಸಲ್ಲಿ ಉಳಿಯೋದು ಯಾರು ಅಂತ ಕನ್ನಡ ಎಂಎ ಮಾಡಿದ ಯಾರನ್ನಾದ್ರೂ ಕೇಳಿ, ವಜ್ರಜಂಘ ಮತ್ತು ಶ್ರೀಮತಿ ಅಂತಾರೆ. ಗಂಡ ಹೆಂಡತಿ ರಾತ್ರಿ ಅಂತಃಪುರದಲ್ಲಿ ಮಲಗಿದ್ದಾರೆ, ಕೋಣೆಗೆ ಸುವಾಸನೆ ಇರಲಿ ಅಂತ ಧೂಪ ಹಾಕಿದ್ದಾರೆ, ಹೊಗೆ ಹೋಗೋಕೆ ಕಿಟಕಿ ತೆರೆಯೋದನ್ನ ಆಳುಗಳು ಮರೆತಿದ್ದಾರೆ, ಸುಖಕ್ಕೆ ಅಂತ ಇಟ್ಟ ಹೊಗೆಯೇ ಉಸಿರು ಕಟ್ಟಿಸಿ ಇಬ್ಬರೂ ಒಬ್ಬರನ್ನೊಬ್ಬರು ಅಪ್ಪಿಕೊಂಡ ಹಾಗೇ ಪ್ರಾಣ ಬಿಡ್ತಾರೆ. ಇದನ್ನ ಗಮನಿಸಿ, ಈ ಜೀವ ಮುಂದೆ ತೀರ್ಥಂಕರ ಆಗುತ್ತೆ ಅಂತ ನಮಗೆ ಗೊತ್ತು, ಆದ್ರೂ ಪಂಪ ಆ ರಾತ್ರೀನ ಮುಂದಿನದಕ್ಕೆ ಮೆಟ್ಟಿಲು ಅಂತ ಓಡಿಸಿಕೊಂಡು ಹೋಗಲ್ಲ, ಅಲ್ಲೇ ನಿಲ್ತಾನೆ, ಆ ಸಾವು ಅವರಿಬ್ಬರ ಸಾವೇ ಆಗಿರುತ್ತೆ. ಸಾವಿರ ವರ್ಷ ಆದ್ಮೇಲೂ ಆ ಭಾಗ ತನ್ನ ಕಾಲ ಮೇಲೆ ತಾನು ನಿಂತಿದೆ. ಮೂಲಕ್ಕೆ ಸಾಟಿ ಆಗೋ ಮಾತು ಬಿಡಿ, ಇಲ್ಲಿ ಪೂರ್ವಕಥೆ ಮೂಲವನ್ನೇ ಮೀರಿಸಿ ನೆನಪಲ್ಲಿ ಕೂತಿದೆ.

ಈಗಿನ ಕಾಲದ ಕಾದಂಬರಿಗೆ ಬಂದ್ರೆ, ಈ ಚರ್ಚೆ ಎಲ್ಲಿ ನಡೆದ್ರೂ ಬರಲೇಬೇಕಾದ ಹೆಸರು 'ವೈಡ್ ಸಾರ್ಗಾಸೊ ಸೀ', ಜೀನ್ ರಿಸ್ ಅವರದ್ದು, 1966. ಅದು 1847ರ 'ಜೇನ್ ಐರ್'ಗೆ ಪ್ರೀಕ್ವೆಲ್, ಅಂದ್ರೆ ನೂರಾ ಹತ್ತೊಂಬತ್ತು ವರ್ಷ ಆದ್ಮೇಲೆ ಬೇರೆಯವರು ಬರೆದಿದ್ದು. ಮೂಲ ಓದದವರಿಗೆ ಸಣ್ಣದಾಗಿ ಹೇಳ್ತೀನಿ: ಅನಾಥ ಹುಡುಗಿ ಜೇನ್ ಒಂದು ದೊಡ್ಡ ಬಂಗಲೆಗೆ ಪಾಠ ಹೇಳೋಕೆ ಸೇರ್ತಾಳೆ, ಯಜಮಾನ ರಾಚೆಸ್ಟರ್ ಮೇಲೆ ಪ್ರೀತಿ ಆಗುತ್ತೆ, ಮದುವೆ ದಿನ ಗೊತ್ತಾಗುತ್ತೆ ಅವನಿಗೆ ಆಗಲೇ ಹೆಂಡತಿ ಇದ್ದಾಳೆ ಅಂತ, ಜಮೈಕಾದವಳು, ಹುಚ್ಚಿ ಅಂತ ಅಟ್ಟದಲ್ಲಿ ಕೂಡಿಹಾಕಿದ್ದಾನೆ. ಆ ಹೆಂಗಸಿನ ಬಾಯಿಂದ ನಮಗೆ ನೇರವಾಗಿ ಒಂದು ಮಾತೂ ಕೇಳಲ್ಲ. ಅವಳು ನಗ್ತಾಳೆ, ಕಿರುಚ್ತಾಳೆ, ಕಚ್ತಾಳೆ, ಬೆಂಕಿ ಹಚ್ತಾಳೆ, ಅಷ್ಟೇ.

ಜೀನ್ ರಿಸ್ ಹುಟ್ಟಿದ್ದು ಕೆರಿಬಿಯನ್‌ನ ಡೊಮಿನಿಕಾ ದ್ವೀಪದಲ್ಲಿ. ಅವರಿಗೆ ಆ ಅಟ್ಟದ ಹೆಂಗಸು ತಮ್ಮ ಕಡೆಯವಳು ಅನ್ನಿಸಿದ್ದು ಸಹಜ. ಅವಳ ಬಾಲ್ಯದಿಂದ ಶುರುಮಾಡಿ, ಅವಳ ನಿಜವಾದ ಹೆಸರು ಆಂಟ್ವನೆಟ್ ಅಂತ ಇಟ್ಟು, ಮದುವೆಯಾಗಿ ಬಂದ ಇಂಗ್ಲಿಷ್ ಗಂಡ ಅವಳ ಹೆಸರನ್ನೇ ಕಿತ್ಕೊಂಡು 'ಬರ್ತಾ' ಅನ್ನೋ ಹೆಸರಿಂದ ಕರೆಯೋ ತನಕ ಕಥೆ ತರ್ತಾರೆ. ಆ ಗಂಡನ ಹೆಸರು ಮಾತ್ರ ಪುಸ್ತಕದಲ್ಲಿ ಒಮ್ಮೆಯೂ ಬರಲ್ಲ. ಮಧ್ಯಭಾಗದ ಬಹುಪಾಲು ಕಥೆ ಅವನೇ ಹೇಳ್ತಾನೆ, ಆ ದ್ವೀಪದ ಬಿಸಿಲು, ಬಣ್ಣ, ಭಾಷೆ ಎಲ್ಲಾ ಅವನಿಗೆ ಅತಿಯಾಗಿ ಕಾಣುತ್ತೆ, ಅರ್ಥ ಆಗದ್ದನ್ನೆಲ್ಲ ಅವನು ದ್ವೇಷ ಮಾಡೋಕೆ ಶುರುಮಾಡ್ತಾನೆ, ಓದ್ತಾ ಓದ್ತಾ ನಮಗೆ ಅವನೂ ಅರ್ಥ ಆಗ್ತಾನೆ, ಅದೇ ಭಯ. ಇದನ್ನ ಓದಿ ಆಮೇಲೆ ಜೇನ್ ಐರ್ ತೆಗೆದು ನೋಡಿ, ಅದೇ ಪದಗಳು, ಅದೇ ವಾಕ್ಯಗಳು, ಆದರೆ ಅಟ್ಟದಿಂದ ಬರೋ ಆ ನಗು ಬೇರೆ ಥರ ಕೇಳುತ್ತೆ. ಮೂಲದಲ್ಲಿ ಯಾರೂ ಕೇಳದೇ ಬಿಟ್ಟ ಪ್ರಶ್ನೆ ಒಂದನ್ನ ರಿಸ್ ಕೇಳಿದ್ರು: ಅವಳು ಹುಚ್ಚಿ ಅಂತ ಹೇಳಿದ್ದು ಯಾರು? ಅವಳ ಗಂಡ ತಾನೇ?

ನಾನು ಹೇಳೋಕೆ ಹೊರಟ ಮುಖ್ಯ ಮಾತು ಇಲ್ಲಿದೆ. ಮೂಲ ಬಿಟ್ಟುಹೋದ ಪ್ರಶ್ನೆಗಳಿಗೆ ಉತ್ತರ ತುಂಬಿಸೋ ಪ್ರೀಕ್ವೆಲ್ ಎಷ್ಟು ಜಾಣತನದಿಂದ ಬರೆದಿದ್ರೂ ಮೂಲಕ್ಕೆ ಬಾಲ ಆಗಿ ಉಳಿಯುತ್ತೆ. ಮೂಲ ಕೇಳದೇ ಇದ್ದ ಪ್ರಶ್ನೆ ಎತ್ತೋ ಪ್ರೀಕ್ವೆಲ್ ಮಾತ್ರ ಅದರ ಪಕ್ಕ ಸಮವಾಗಿ ಕೂರುತ್ತೆ.

ಈಗಿನ ಹುಡುಗ ಹುಡುಗಿಯರಿಗೆ ಹತ್ತಿರದ ಉದಾಹರಣೆ 'ದಿ ಹಂಗರ್ ಗೇಮ್ಸ್'. ಸುಜಾನ್ ಕಾಲಿನ್ಸ್ ಅವರ ಮೊದಲ ಪುಸ್ತಕ 2008ರಲ್ಲಿ ಬಂತು, 2010ಕ್ಕೆ ಮೂರು ಪುಸ್ತಕ ಮುಗಿದ್ವು. ಒಂದು ದೇಶದ ರಾಜಧಾನಿ, ಹಿಂದೆ ದಂಗೆ ಎದ್ದ ತಪ್ಪಿಗೆ ಪ್ರತಿ ಜಿಲ್ಲೆಯಿಂದ ವರ್ಷಾವರ್ಷ ಒಬ್ಬ ಹುಡುಗ ಒಬ್ಬ ಹುಡುಗಿನ ಚೀಟಿ ಎತ್ತಿ ಕರೆಸಿ, ಒಬ್ಬರು ಉಳಿಯೋ ತನಕ ಬಡಿದಾಡಿಸಿ ಟೀವಿಲಿ ತೋರಿಸುತ್ತೆ. ಕ್ಯಾಟ್ನಿಸ್ ಅನ್ನೋ ಹುಡುಗಿ ತನ್ನ ತಂಗಿ ಬದಲು ತಾನೇ ಹೋಗ್ತಾಳೆ, ಅದು 74ನೇ ಆಟ. ದೇಶದ ಅಧ್ಯಕ್ಷ ಸ್ನೋ, ಮೈಯೆಲ್ಲ ವಿಷ ಇರೋ ಮುದುಕ.

ಹತ್ತು ವರ್ಷ ಬಿಟ್ಟು 2020ರಲ್ಲಿ ಪ್ರೀಕ್ವೆಲ್ ಬಂತು, 'ದಿ ಬ್ಯಾಲಡ್ ಆಫ್ ಸಾಂಗ್‌ಬರ್ಡ್ಸ್ ಅಂಡ್ ಸ್ನೇಕ್ಸ್', 64 ವರ್ಷ ಹಿಂದಿನ 10ನೇ ಆಟದ ಕಥೆ, ಅದರ ನಾಯಕ ಹದಿನೆಂಟು ವರ್ಷದ ಅದೇ ಸ್ನೋ. ಬಹಳ ಜನ ಓದುಗರಿಗೆ ಮೊದಲು ಸಿಟ್ಟು ಬಂತು, ಆ ದುಷ್ಟನ ಕಥೆ ನಮಗ್ಯಾಕೆ ಅಂತ. ಆದರೆ ಶುರುವೇ ನೋಡಿ ಎಷ್ಟು ಚೆನ್ನಾಗಿದೆ: ದೊಡ್ಡ ಮನೆತನ, ಯುದ್ಧದಲ್ಲಿ ಆಸ್ತಿಯೆಲ್ಲ ಹೋಗಿದೆ, ಹುಡುಗ ಅಡುಗೆಮನೇಲಿ ಎಲೆಕೋಸು ಬೇಯಿಸ್ತಿದ್ದಾನೆ, ಇನ್ನೊಂದು ದಿನ ಇದು ನನ್ನ ಬಾಯಿಗೆ ಬರಬಾರದು ಅಂತ ಆಣೆ ಇಟ್ಕೊಳ್ತಿದ್ದಾನೆ. ಹಾಕ್ಕೊಂಡು ಹೋಗೋಕೆ ಬಟ್ಟೆ ಇಲ್ಲ, ಅಪ್ಪನ ಹಳೇ ಶರ್ಟನ್ನ ಅಕ್ಕನಂಥ ಕಸಿನ್ ಟೈಗ್ರಿಸ್ ಸರಿಮಾಡಿ ಕೊಡ್ತಾಳೆ, ಗುಂಡಿಗೆ ಬಾತ್‌ರೂಮಿನ ಪುಟ್ಟ ಟೈಲ್ ಚೂರು ಹಾಕಿ. ಹಸಿವು ಮುಚ್ಚಿಟ್ಟುಕೊಂಡು ದೊಡ್ಡಸ್ತಿಕೆ ತೋರಿಸೋ ಮನೆ, ಇದು ನಮಗೆ ಗೊತ್ತಿಲ್ದೇ ಇರೋದಾ, ಹಳೇ ವಾಡೆ ಮನೆಗಳಿರೋ ಯಾವ ಊರಲ್ಲೂ ಇದನ್ನ ಕಣ್ಣಾರೆ ನೋಡಿರ್ತೀವಿ.

ದಾವಣಗೆರೆಲಿ ಇಂಜಿನಿಯರಿಂಗ್ ಓದ್ತಿರೋ ನಮ್ಮ ಅಕ್ಕನ ಮಗಳು ಇದನ್ನ ಓದಿ ಫೋನ್ ಮಾಡಿದ್ಲು. "ಮಾಮ, ಅರ್ಧ ಪುಸ್ತಕದ ತನಕ ಅವನು ಗೆಲ್ಲಲಿ ಅಂತ ನಂಗೇ ಅನ್ನಿಸ್ತಿತ್ತು, ಆಮೇಲೆ ನನ್ನ ಮೇಲೇ ಬೇಜಾರಾಯ್ತು" ಅಂದ್ಲು. "ಬೇಜಾರಾಗಬೇಡ ಪುಟ್ಟಿ, ಪುಸ್ತಕ ಕೆಲಸ ಮಾಡಿದ್ದೇ ಅಲ್ಲಿ" ಅಂದೆ. ಯಾಕೆ ಅಂತ ಸ್ವಲ್ಪ ವಿವರಿಸ್ತೀನಿ. ಮೂಲದ ಮೂರೂ ಪುಸ್ತಕ ಕ್ಯಾಟ್ನಿಸ್ "ನಾನು" ಅಂತ ಹೇಳೋ ಕಥೆ, ನಾವು ಅವಳ ತಲೆಯೊಳಗೇ ಇರ್ತೀವಿ, ಅವಳು ಹೇಳಿದ್ದನ್ನ ನಂಬ್ತೀವಿ. ಪ್ರೀಕ್ವೆಲ್‌ನಲ್ಲಿ ಲೇಖಕಿ "ಅವನು" ಅಂತ ಬರೀತಾರೆ, ಅವನ ಯೋಚನೆ ಎಲ್ಲಾ ನಮಗೆ ಕಾಣುತ್ತೆ ಆದರೆ ಒಂದು ಹೆಜ್ಜೆ ಹೊರಗೆ ನಿಂತಿರ್ತೀವಿ, ಹಂಗಾಗಿ ಅವನು ತನಗೆ ತಾನೇ ಹೇಳಿಕೊಳ್ಳೋ ಸುಳ್ಳು ಮೊದಲು ಸಣ್ಣದಾಗಿ, ಆಮೇಲೆ ದೊಡ್ಡದಾಗಿ ಕಾಣ್ತಾ ಹೋಗುತ್ತೆ. ಅವನು ಲೂಸಿ ಗ್ರೇ ಅನ್ನೋ ಹುಡುಗಿನ ಪ್ರೀತಿಸ್ತಾನೆ ಅಂತ ಅವನೇ ನಂಬಿರ್ತಾನೆ, ಆದರೆ ಅವನ ಮನಸಲ್ಲಿ ಅವಳು ಯಾವಾಗಲೂ "ನನ್ನ ಹುಡುಗಿ", ಅಂದ್ರೆ ನನ್ನ ಸ್ವತ್ತು. ಪ್ರೀತಿ ಎಲ್ಲಿ ಮುಗಿದು ಒಡೆತನ ಎಲ್ಲಿ ಶುರುವಾಯ್ತು ಅಂತ ಬೆರಳಿಟ್ಟು ತೋರಿಸೋಕೆ ಆಗಲ್ಲ. ಮೂಲ ಪುಸ್ತಕ ಕೇಳಿದ್ದು ದಬ್ಬಾಳಿಕೆಯನ್ನ ಎದುರಿಸೋದು ಹೆಂಗೆ ಅಂತ. ಇದು ಕೇಳೋದು ದಬ್ಬಾಳಿಕೆ ಮಾಡೋನು ತಯಾರಾಗೋದು ಹೆಂಗೆ, ಆ ದಾರೀಲಿ ನಾವೂ ಅವನ ಜೊತೆ ಎಷ್ಟು ದೂರ ನಡೆದ್ವಿ ಅಂತ. ಅದು ಹೊಸ ಪ್ರಶ್ನೆ.

ಅದರಲ್ಲಿ ಕುಂದೂ ಇವೆ, ಹೇಳಲೇಬೇಕು. ಕ್ಯಾಟ್ನಿಸ್ ಹಾಡಿದ ಹಾಡು ಮೊದಲು ಎಲ್ಲಿ ಹುಟ್ಟಿತು, ಅವಳ ಹೆಸರಿನ ಗಿಡ ಮೊದಲು ಯಾರು ತೋರಿಸಿದ್ರು, ಮೂಲದಲ್ಲಿ ದಂಗೆಯ ಗುರುತಾಗೋ ಮಾಕಿಂಗ್‌ಜೇ ಹಕ್ಕಿ ಕಂಡ್ರೆ ಸ್ನೋಗೆ ಯಾಕಾಗಲ್ಲ, ಹಿಂಗೆ ಒಂದೊಂದಕ್ಕೂ ಗುರುತು ಹಾಕ್ತಾ ಹೋದ ಜಾಗಗಳಲ್ಲಿ ಪುಸ್ತಕ ಬಡವಾಗುತ್ತೆ, ಮೇಲೆ ಹೇಳಿದ ಒನಕೆ ಕಾಯಿಲೆನೇ. ಕೊನೆಯ ಮೂರನೇ ಭಾಗ ಮೊದಲ ಎರಡು ಭಾಗಗಳಷ್ಟು ಬಿಗಿ ಇಲ್ಲ. ಆದರೆ ಲೂಸಿ ಗ್ರೇ ಕೊನೆಗೆ ಏನಾದಳು ಅಂತ ಹೇಳದೇ ಕಾಡಿನಲ್ಲಿ ಬಿಟ್ಟುಬಿಟ್ಟಿದ್ದು ದೊಡ್ಡ ಧೈರ್ಯ, ಉತ್ತರ ಕೊಡೋಕೆ ಅಂತ ಬಂದ ಪುಸ್ತಕ ಹೊಸದೊಂದು ಒಗಟು ಬಿಟ್ಟು ಹೋಗುತ್ತೆ.

2025ರಲ್ಲಿ ಅವರೇ ಇನ್ನೊಂದು ಪ್ರೀಕ್ವೆಲ್ ತಂದ್ರು, 'ಸನ್‌ರೈಸ್ ಆನ್ ದಿ ರೀಪಿಂಗ್'. ಇದು ಇನ್ನೂ ಕಷ್ಟದ ಕೆಲಸ, ಯಾಕಂದ್ರೆ ಇದು ಕ್ಯಾಟ್ನಿಸ್‌ನ ಗುರು ಹೇಮಿಚ್ ಗೆದ್ದ 50ನೇ ಆಟದ ಕಥೆ, ಅದು ಹೆಂಗೆ ನಡೀತು ಅಂತ ಮೂಲದ ಎರಡನೇ ಪುಸ್ತಕದಲ್ಲೇ ಬಂದಿದೆ, ಕ್ಯಾಟ್ನಿಸ್ ಹಳೇ ಟೇಪ್ ಹಾಕಿ ನೋಡ್ತಾಳೆ. ಕಥೆ ಹೇಳಿ ಆಗಿದೆ, ಇನ್ನೇನಿದೆ ಹೇಳೋಕೆ ಅಂದ್ರೆ, ಲೇಖಕಿ ಹಿಡಿದ ದಾರಿ ಇದು: ಆ ಟೇಪ್ ಸರ್ಕಾರ ಕತ್ತರಿಸಿ ಜೋಡಿಸಿದ್ದು. ನಿಜವಾಗಿ ನಡೆದಿದ್ದನ್ನ ತೆಗೆದುಹಾಕಿ ತಮಗೆ ಬೇಕಾದ್ದನ್ನ ಮಾತ್ರ ಜನಕ್ಕೆ ತೋರಿಸಿದ್ದಾರೆ. ಅಂದ್ರೆ ಮೂಲದ ಒಂದಕ್ಷರವೂ ಬದಲಾಗಿಲ್ಲ, ಕ್ಯಾಟ್ನಿಸ್ ನೋಡಿದ್ದು ನಿಜ, ಅವಳು ನೋಡಿದ್ದೇ ಸುಳ್ಳು. ಜೊತೆಗೆ ಅವಳ ಜೊತೆ ನಾವೂ ಮೋಸ ಹೋಗಿದ್ವಿ ಅಂತ ಗೊತ್ತಾಗುತ್ತೆ, ಸುದ್ದಿ ಹೆಂಗೆ ತಯಾರಾಗುತ್ತೆ ಅನ್ನೋದನ್ನ ಇಷ್ಟು ಚೆನ್ನಾಗಿ ಓದುಗನ ಮೈಮೇಲೇ ಪ್ರಯೋಗ ಮಾಡಿ ತೋರಿಸಿದ್ದು ನಾನು ಕಡಿಮೆ ನೋಡಿದ್ದೀನಿ.

ಇಂಥದ್ದೇ ಒಂದು ಹಳೇ ಸಂಗತಿ ಇದೆ, ಪ್ರೀಕ್ವೆಲ್ ಅಲ್ಲ, ಆದರೂ ಹೇಳ್ಬೇಕು ಅನ್ಸುತ್ತೆ. ಟೋಲ್ಕಿನ್ ಅವರ 'ದಿ ಹಾಬಿಟ್' 1937ರಲ್ಲಿ ಬಂದಾಗ ಕಥಾನಾಯಕ ಬಿಲ್ಬೋಗೆ ಸಿಗೋ ಉಂಗುರ ಅಂದ್ರೆ ಸುಮ್ಮನೆ ಒಂದು ಮಾಯದ ಉಂಗುರ, ಗೊಲ್ಲಮ್ ಅನ್ನೋ ಗುಹೆವಾಸಿ ಅದನ್ನ ಒಗಟಿನ ಪಂದ್ಯಕ್ಕೆ ಬಹುಮಾನ ಅಂತ ತಾನೇ ಒಡ್ಡಿದ್ದ. ಆಮೇಲೆ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಅನ್ನೋ ದೊಡ್ಡ ಕಥೇಲಿ ಆ ಉಂಗುರ ಯಾರೂ ಬಿಟ್ಟುಕೊಡಲಾಗದ ಭಯಂಕರ ವಸ್ತು ಆಯ್ತು, ಎರಡಕ್ಕೂ ಹೊಂದಾಣಿಕೆ ಆಗಲಿಲ್ಲ. 1951ರ ಆವೃತ್ತೀಲಿ ಅವರು ಹಳೇ ಪುಸ್ತಕದ ಆ ಅಧ್ಯಾಯವನ್ನೇ ತಿದ್ದಿದ್ರು. ಅಷ್ಟಕ್ಕೇ ಬಿಡದೆ, ಮೊದಲು ಅಚ್ಚಾಗಿದ್ದ ಕಥೆ ಬಿಲ್ಬೋ ಹೇಳಿದ್ದ ಸುಳ್ಳು, ಉಂಗುರದ ಪ್ರಭಾವದಿಂದ ಅವನು ಹಂಗೆ ಹೇಳಿದ್ದ ಅಂತ ಕಥೆಯೊಳಗೇ ಕಾರಣ ಕೊಟ್ರು. ತಪ್ಪನ್ನ ಮುಚ್ಚೋ ಬದಲು ಅದನ್ನ ಪಾತ್ರದ ಗುಣ ಮಾಡಿಬಿಟ್ರು.

ಇನ್ನು ಓದೋ ಕ್ರಮ. ಪ್ರೀಕ್ವೆಲ್ ಮೊದಲು ಓದ್ಬೇಕಾ ಮೂಲ ಮೊದಲು ಓದ್ಬೇಕಾ ಅಂತ ತುಂಬ ಜನ ಕೇಳ್ತಾರೆ, ನನ್ನ ಉತ್ತರ ಗಟ್ಟಿ: ಮೂಲನೇ ಮೊದಲು. ಸಿ.ಎಸ್. ಲೂಯಿಸ್ ಅವರ ನಾರ್ನಿಯಾ ಸರಣಿ ನೋಡಿ. 1950ರ ಮೊದಲ ಪುಸ್ತಕದಲ್ಲಿ ಲೂಸಿ ಅನ್ನೋ ಪುಟ್ಟ ಹುಡುಗಿ ಬಟ್ಟೆ ಬೀರುವಿನೊಳಗೆ ಹೋಗ್ತಾಳೆ, ಕೋಟುಗಳ ಹಿಂದೆ ಹಿಮ ಬೀಳೋ ಕಾಡು, ಆ ಕಾಡಿನ ನಡುವೆ ಒಂದು ಬೀದಿ ದೀಪದ ಕಂಬ ಉರೀತಿದೆ. ಯಾಕೆ ಇದೆ, ಯಾರು ನೆಟ್ಟಿದ್ದು ಗೊತ್ತಿಲ್ಲ, ಆ ಗೊತ್ತಿಲ್ಲದ್ದೇ ಬೆರಗು. 1955ರ 'ದಿ ಮೆಜಿಷಿಯನ್ಸ್ ನೆಫ್ಯೂ'ನಲ್ಲಿ ಆ ಕಂಬದ ಹುಟ್ಟು ಬರುತ್ತೆ: ಲಂಡನ್ನಿನ ದೀಪದ ಕಂಬದಿಂದ ಕಿತ್ತ ಕಬ್ಬಿಣದ ತುಂಡನ್ನ ಮಾಟಗಾತಿ ಎಸೀತಾಳೆ, ಆಗಷ್ಟೇ ಹುಟ್ಟಿದ ನಾರ್ನಿಯಾದ ಮಣ್ಣಲ್ಲಿ ಏನು ಬಿದ್ದರೂ ಚಿಗುರುತ್ತೆ, ಕಬ್ಬಿಣವೂ ಗಿಡದಂಗೆ ಬೆಳೆದು ಕಂಬ ಆಗುತ್ತೆ. ವಿವರಣೆ ಕೊಟ್ಟರೂ ಬೆರಗು ಕಡಿಮೆ ಆಗಲಿಲ್ಲ, ಯಾಕಂದ್ರೆ ವಿವರಣೆಯೇ ಇನ್ನೊಂದು ಬೆರಗು. ಆದರೆ ಈಗಿನ ಸೆಟ್‌ಗಳಲ್ಲಿ ಆ ಪ್ರೀಕ್ವೆಲ್‌ಗೇ ಒಂದನೇ ನಂಬರ್ ಹಾಕಿರ್ತಾರೆ, ಲೂಯಿಸ್ ಕೂಡ ಒಬ್ಬ ಹುಡುಗನಿಗೆ ಬರೆದ ಪತ್ರದಲ್ಲಿ ಕಾಲಕ್ರಮದ ಓದಿಗೇ ಒಲವು ತೋರಿಸಿದ್ರು. ಲೇಖಕರೇ ಹೇಳಿದ್ರೂ ನಾನು ಒಪ್ಪಲ್ಲ, ಕಂಬದ ಗುಟ್ಟು ಮೊದಲೇ ಗೊತ್ತಾದ ಮಗುವಿಗೆ ಲೂಸಿ ಜೊತೆ ಬೆಚ್ಚೋ ಅವಕಾಶ ತಪ್ಪಿಹೋಗುತ್ತೆ.

ವಾಲ್ಮೀಕಿಗೆ ಇದು ಚೆನ್ನಾಗಿ ಗೊತ್ತಿತ್ತು. ದಶರಥ ಚಿಕ್ಕ ವಯಸ್ಸಲ್ಲಿ ಕತ್ತಲೇಲಿ ನೀರು ತುಂಬಿಕೊಳ್ಳೋ ಸದ್ದು ಕೇಳಿ ಆನೆ ಅಂದ್ಕೊಂಡು ಬಾಣ ಬಿಟ್ಟು, ಕುರುಡು ತಂದೆತಾಯಿಯ ಮಗನ್ನ ಕೊಂದ ಕಥೆ, ನಾವು ಶ್ರವಣಕುಮಾರ ಅಂತೀವಲ್ಲ, ಅದು ನಡೆದಿದ್ದು ರಾಮ ಹುಟ್ಟೋದಕ್ಕೆ ಎಷ್ಟೋ ಮುಂಚೆ. ಬಾಲಕಾಂಡದಲ್ಲೇ ಹೇಳ್ಬಹುದಿತ್ತು. ಹೇಳಿದ್ದು ಮಾತ್ರ ಅಯೋಧ್ಯಾಕಾಂಡದಲ್ಲಿ, ರಾಮ ಕಾಡಿಗೆ ಹೋದ್ಮೇಲೆ, ಸಾಯೋ ರಾತ್ರಿ ದಶರಥ ಕೌಸಲ್ಯೆ ಮುಂದೆ ತಾನೇ ಬಾಯಿಬಿಟ್ಟು ಹೇಳ್ತಾನೆ. ಪುತ್ರಶೋಕ ಏನು ಅಂತ ನಮಗೂ ಅವನಿಗೂ ಅರ್ಥ ಆದ ಆ ಹೊತ್ತಲ್ಲೇ ಹಳೇ ಶಾಪ ಹೊರಬರುತ್ತೆ. ಹಿಂದಿನ ಕಥೆಗೂ ಒಂದು ಸರಿಯಾದ ಹೊತ್ತು ಇರುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಒಂದು ಮಾತು ಓದುಗರ ಬಗ್ಗೆಯೂ ಹೇಳ್ಬೇಕು. ಮೂಲ ಕಾದಂಬರಿನ ನಾವು ಓದಿದ್ದು ಬಹುಶಃ ಹೈಸ್ಕೂಲಲ್ಲೋ ಪಿಯುಸಿಲೋ, ಲೈಬ್ರರಿ ಪುಸ್ತಕ, ರಾತ್ರಿ ಕದ್ದು ಓದಿದ್ದು. ಆಮೇಲೆ ಎಷ್ಟೋ ವರ್ಷ ಅದು ನಮ್ಮ ಜೊತೆ ಬೆಳೆದಿದೆ, ಅದರ ಸೀಳುಗಳನ್ನೆಲ್ಲ ನಮ್ಮ ನೆನಪು ಮುಚ್ಚಿದೆ. ಪ್ರೀಕ್ವೆಲ್ ಕೈಗೆ ಬರೋ ಹೊತ್ತಿಗೆ ನಮಗೆ ಮೂವತ್ತೋ ನಲವತ್ತೋ. ಇವತ್ತು ಬಂದ ಪುಸ್ತಕವನ್ನ ನಾವು ಹೋಲಿಸ್ತಿರೋದು ಮೂಲ ಪುಸ್ತಕದ ಜೊತೆ ಅಲ್ಲ, ಅದನ್ನ ಓದಿದ ಆ ವಯಸ್ಸಿನ ಜೊತೆ. ಇದು ಪ್ರೀಕ್ವೆಲ್‌ಗೆ ಮಾಡೋ ಅನ್ಯಾಯ. ಅದಕ್ಕೆ ತೀರ್ಪು ಕೊಡೋಕೆ ಮುಂಚೆ ಮೂಲದ ಒಂದೆರಡು ಅಧ್ಯಾಯನಾದ್ರೂ ಮತ್ತೆ ಓದಿ. ಹಂಗೆ ಓದಿದಾಗ ಮೂಲದ ಯಾವುದೋ ಒಂದು ಸಣ್ಣ ಸಾಲು ಪ್ರೀಕ್ವೆಲ್‌ನಿಂದಾಗಿ ಹೊಸದ್ದಾಗಿ ಕಂಡ್ರೆ, ಬೇರೇನೂ ನೋಡಬೇಡಿ, ಆ ಪುಸ್ತಕ ಗೆದ್ದಿದೆ. ಎಲ್ಲಾ ಮೊದಲಿನ ಹಾಗೇ ಇದ್ರೆ ಅದು ಓದೋಕೆ ಮಜಾ ಕೊಟ್ಟಿರಬಹುದು, ಅದಕ್ಕೆ ನಾನು ಬೇಡ ಅನ್ನಲ್ಲ, ಆದರೆ ಸಾಟಿ ಅನ್ನೋಕಾಗಲ್ಲ. ಮೂಲ ಮೊದಲಿಗಿಂತ ಚಿಕ್ಕದಾಗಿ ಕಂಡ್ರೆ ಮಾತ್ರ ಅದನ್ನ ಮನಸಲ್ಲಿ ಪಕ್ಕಕ್ಕಿಡೋದು ಒಳ್ಳೇದು, ಅದನ್ನ ಒಪ್ಪಿಕೊಳ್ಳಲೇಬೇಕು ಅನ್ನೋ ಕಾನೂನು ಓದುಗನಿಗೆ ಇಲ್ಲ, ಅದೇ ಲೇಖಕರು ಬರೆದಿದ್ರೂ ಅಷ್ಟೇ.

ದುರ್ಗದ ಕಾದಂಬರಿಗಳಿಗೆ ಹೊಸಬರಾಗಿದ್ರೆ ಕೇಳ್ತೀರ, ಎಲ್ಲಿಂದ ಶುರುಮಾಡೋದು ಅಂತ. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಮೂರನ್ನೂ ಒಂದೇ ಏಟಿಗೆ ಓದಿ, ಅವು ಒಂದೇ ಕಥೆಯ ಮೂರು ತುಂಡು, ಮಧ್ಯ ನಿಲ್ಲಿಸಿದ್ರೆ ಹಿಡಿತ ತಪ್ಪುತ್ತೆ. 'ದುರ್ಗಾಸ್ತಮಾನ'ವನ್ನ ಕೊನೆಗೆ ಇಟ್ಕೊಳ್ಳಿ. ಆಗಲೇ ಅದನ್ನೇ ಮೊದಲು ಓದಿಬಿಟ್ಟಿದ್ರೂ ಚಿಂತೆ ಇಲ್ಲ, ಹಿಂದಕ್ಕೆ ಹೋಗಿ ಆ ಮೂರನ್ನೂ ಮುಗಿಸಿ ಅದನ್ನ ಇನ್ನೊಮ್ಮೆ ತೆಗೀರಿ, ಆದ್ರೆ ರಜೆ ಇರೋ ವಾರ ನೋಡ್ಕೊಂಡು ತೆಗೀರಿ, ಪುಸ್ತಕ ದಪ್ಪ ಇದೆ.